ಬೊಜ್ಜು, ಪ್ಲೇಟ್‌ಲೆಟ್, ಕೊಲೆಸ್ಟ್ರಾಲ್ ಮಾತ್ರೆ: ಹೃದಯಕ್ಕೂ ಇವಕ್ಕೂ ಏನು ಸಂಬಂಧ? ಇಲ್ಲಿದೆ ಮಾಹಿತಿ

ಡೆಂಗ್ಯೂ ಬಂತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟಿದೆ?’. ಆದರೆ ಬೊಜ್ಜು ಇರೋರಲ್ಲಿ ಸಮಸ್ಯೆಯೇ ಬೇರೆ. ಅಲ್ಲಿ ಪ್ಲೇಟ್‌ಲೆಟ್ ಕಡಿಮೆ ಆಗೋದಲ್ಲ, ಬೇಗ ಅಂಟಿಕೊಳ್ಳೋದು ತೊಂದರೆ.

ಪ್ಲೇಟ್‌ಲೆಟ್ ಕೆಲಸ ಏನು?

ಗಾಯವಾದಾಗ ರಕ್ತ ಹೆಪ್ಪುಗಟ್ಟಿಸಿ ಸೋರಿಕೆ ನಿಲ್ಲಿಸುವುದು ಪ್ಲೇಟ್‌ಲೆಟ್ ಕೆಲಸ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಆಯಸ್ಸು 7ರಿಂದ 10 ದಿನ.

ಬೊಜ್ಜಿನಿಂದ ಏನಾಗುತ್ತೆ?

ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕೂರಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಕೆಲಸವನ್ನೂ ಕೆಡಿಸುತ್ತದೆ. ಇದರಿಂದ ಪ್ಲೇಟ್‌ಲೆಟ್‌ಗಳು ಸಣ್ಣ ಕಾರಣಕ್ಕೂ ಗುಂಪುಗಟ್ಟುತ್ತವೆ. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ ಒಡೆದಾಗ ಅದರ ಮೇಲೆ ಇವು ಮುತ್ತಿಕೊಂಡು ದಾರಿ ಮುಚ್ಚಿದರೆ ಅದೇ ಹಾರ್ಟ್ ಅಟ್ಯಾಕ್.

ದಿನವಿಡೀ ಗಲ್ಲಾದ ಮುಂದೆ ಕೂರುವ ಅಂಗಡಿಯವರು ಒಮ್ಮೆ ಟೇಪ್ ಹಿಡಿದು ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂ.ಮೀ. (ಸುಮಾರು 35 ಇಂಚು), ಹೆಂಗಸರಿಗೆ 80 ಸೆಂ.ಮೀ. (ಸುಮಾರು 31 ಇಂಚು) ದಾಟಿದರೆ ಎಚ್ಚರ.

ಸ್ಟ್ಯಾಟಿನ್ ಮಾತ್ರೆ ಹೇಗೆ ಕೆಲಸ ಮಾಡುತ್ತೆ?

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಈ ಗುಂಪಿನ ಮಾತ್ರೆಗಳು. ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗೋದನ್ನು ತಗ್ಗಿಸಿ, ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಇಳಿಸುತ್ತವೆ. ಜತೆಗೆ ಕೊಬ್ಬಿನ ಪದರ ಒಡೆಯದಂತೆ ಗಟ್ಟಿ ಮಾಡುತ್ತವೆ, ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೂ ಸ್ವಲ್ಪ ತಗ್ಗಿಸುತ್ತವೆ. ಪ್ಲೇಟ್‌ಲೆಟ್ ಸಂಖ್ಯೆ ಸಾಮಾನ್ಯವಾಗಿ ಇಳಿಯಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 4,444 ಹೃದ್ರೋಗಿಗಳ ಪೈಕಿ ಸಿಮ್ವಾಸ್ಟಾಟಿನ್ ತಗೊಂಡವರಲ್ಲಿ ಸಾವು ಶೇ 30ರಷ್ಟು ಕಡಿಮೆಯಾಗಿತ್ತು.

ಆಸ್ಪಿರಿನ್ ಬೇರೆ, ಸ್ಟ್ಯಾಟಿನ್ ಬೇರೆ. ಆಸ್ಪಿರಿನ್ ನೇರವಾಗಿ ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುತ್ತದೆ. ಒಂದರ ಬದಲು ಇನ್ನೊಂದು ನುಂಗೋ ಹಾಗಿಲ್ಲ.

ಇವು ನೆನಪಿರಲಿ

* ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಡಬೇಡಿ. ನಾರ್ಮಲ್ ಬಂದಿರೋದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಏರುತ್ತದೆ.
* ಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ತರಬೇಡಿ.
* ಕೆಲವರಿಗೆ ಮೈಕೈ ನೋವು, ಸ್ವಲ್ಪ ಶುಗರ್ ಏರಿಕೆ ಆಗಬಹುದು. ತಾವೇ ನಿಲ್ಲಿಸದೆ ಡಾಕ್ಟರ್‌ಗೆ ಹೇಳಿ. ಗರ್ಭಿಣಿಯರು ಮೊದಲೇ ತಿಳಿಸಬೇಕು.
* ದುಡ್ಡಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಅಲ್ಲಿ ಕಡಿಮೆ ದರಕ್ಕೆ ಸಿಗುತ್ತವೆ.
* ಮಾತ್ರೆ ಇದೆ ಅಂತ ನಡಿಗೆ, ಪಥ್ಯ ಬಿಡಬೇಡಿ. ಬೊಜ್ಜು ಕರಗಿಸೋದು ಸ್ಟ್ಯಾಟಿನ್ ಕೆಲಸ ಅಲ್ಲ.

ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈ ಅಥವಾ ದವಡೆಗೆ ಹರಡಿದರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೇಗ ಹೋದಷ್ಟೂ ಹೃದಯ ಉಳಿಯುತ್ತದೆ.