ಕನಗನಹಳ್ಳಿಯ ಶಿಲಾ ಚಿತ್ರಕಥನ

ಕನಗನಹಳ್ಳಿಯ ಶಿಲಾ ಚಿತ್ರಕಥನ: ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಡದಲ್ಲಿರುವ ಬೌದ್ಧ ಸ್ತೂಪದ ಉಬ್ಬುಶಿಲ್ಪಗಳ ಸಾಲು. ಚಿತ್ರ, ಬರಹ ಎರಡೂ ಒಂದೇ ಚಪ್ಪಡಿಯ ಮೇಲೆ ಕೂಡಿ ಕಥೆ ಹೇಳುವುದು ಇದರ ವೈಶಿಷ್ಟ್ಯ. ಕಾಲ ಸ್ಥೂಲವಾಗಿ ಕ್ರಿ.ಪೂ. 1ರಿಂದ ಕ್ರಿ.ಶ. 3ನೆಯ ಶತಮಾನ.

ಶೋಧ: 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡುಬಂತು. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕನಗನಹಳ್ಳಿಯ ದಿಬ್ಬವನ್ನು ಅಗೆದು ಮಹಾಚೈತ್ಯವನ್ನು, ಎಂದರೆ ಈ ಸ್ತೂಪವನ್ನು, ಹೊರತೆಗೆಯಿತು. ಉತ್ಖನನದ ವರದಿಯನ್ನು ಕೆ.ಪಿ. ಪೂಣಚ್ಚ ಬರೆದರು.

ಕಲ್ಲು: ಶಿಲ್ಪಗಳು ಸ್ಥಳೀಯ ಸುಣ್ಣಕಲ್ಲಿನವು. ಶಹಾಬಾದಿನ ಗಣಿಗಳಿಂದ ಮನೆಯ ನೆಲಕ್ಕೆ ಬರುವ ಪರಸಿ, ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಅರೆಯುವ ಕಲ್ಲು ಇದೇ ಭೀಮಾ ಕಣಿವೆಯ ಪದರುಗಳದು. ಪದರಾಗಿ ಏಳುವ ಈ ಕಲ್ಲು ಅಗಲವಾದ ಹಾಳೆಯಂತೆ ಶಿಲ್ಪಿಗೆ ಒದಗಿತು.

ಚಿತ್ರ ಮತ್ತು ಬರಹ: ಜಾತಕ ಕಥೆಗಳು, ಬುದ್ಧನ ಬದುಕಿನ ಪ್ರಸಂಗಗಳು, ಶಾತವಾಹನ ಅರಸರು ಇಲ್ಲಿ ಚೌಕಟ್ಟು ಚೌಕಟ್ಟಾಗಿ ಬರುತ್ತಾರೆ. ಹಲವು ದೃಶ್ಯಗಳಿಗೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶೀರ್ಷಿಕೆಗಳಿವೆ. ಒಂದರಲ್ಲಿ ಶಾತಕರ್ಣಿ ಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ. ಹೂವು ಬೆಳ್ಳಿಯದೆಂದು ತಿಳಿಯುವುದು ಅಕ್ಷರಗಳಿಂದಲೇ. ಪ್ರಸಿದ್ಧ ಫಲಕದಲ್ಲಿ ರಾಣಿಯೊಡನೆ ಒಬ್ಬ ಅರಸ ನಿಂತಿದ್ದಾನೆ, ಪರಿಚಾರಿಕೆಯರು ಛತ್ರ ಚಾಮರ ಹಿಡಿದಿದ್ದಾರೆ. ಅಲ್ಲಿ ಕೊರೆದ ‘ರಾಯ ಅಸೋಕೊ’ ಎಂಬ ಎರಡು ಪದಗಳಿಲ್ಲದಿದ್ದರೆ ಅವನು ಹೆಸರಿಲ್ಲದ ಒಬ್ಬ ಅರಸನಾಗಿಯೇ ಉಳಿಯುತ್ತಿದ್ದ.

ಗ್ರಾಫಿಕ್ ಕಾದಂಬರಿಯೊಡನೆ ಹೋಲಿಕೆ: ಶಿಲ್ಪದ ಬಳಿ ಹೆಸರು ಕೊರೆಯುವ ರೂಢಿ ಮಧ್ಯಪ್ರದೇಶದ ಭಾರ್ಹುತ್ ಸ್ತೂಪದಲ್ಲೂ ಇದೆ. ಚಿತ್ರ, ಅಕ್ಷರಗಳ ಈ ಕೂಡುವಿಕೆಯನ್ನು ಇಂದಿನ ಗ್ರಾಫಿಕ್ ಕಾದಂಬರಿ ಹೊಸ ಬಗೆಗಳಲ್ಲಿ ಪ್ರಯೋಗಿಸುತ್ತಿದೆ. ಕಲಾವಿದ ಡೇವ್ ಮೆಕೀನ್ 1989ರ ‘ಅರ್ಕಂ ಅಸೈಲಂ’ನಲ್ಲಿ ಬಣ್ಣ, ಛಾಯಾಚಿತ್ರ, ಕೊಲಾಜ್‌ಗಳನ್ನು ಬೆರೆಸಿದರು. ಅಂಬೇಡ್ಕರರ ಬದುಕನ್ನು ಹೇಳುವ ‘ಭೀಮಾಯಣ’ದಲ್ಲಿ (2011) ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚೌಕಗಳನ್ನು ಬಿಟ್ಟು, ಮನೆಯ ಗೋಡೆ ನೆಲಗಳ ಮೇಲೆ ಬರೆಯುವ ದಿಗ್ನಾ ವಿನ್ಯಾಸಗಳಿಂದ ಪುಟವನ್ನು ಹಂಚಿದರು. ಅದರಲ್ಲಿ ಮೃದು ಮಾತಿನ ಗುಳ್ಳೆ ಹಕ್ಕಿಯ ಆಕಾರದ್ದು, ನಂಜಿನ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ.

ಮಹತ್ವ: ಚಿತ್ರಕ್ಕೆ ಬರಹ ಬರಿಯ ಅಲಂಕಾರವಲ್ಲ, ಅದು ಕಥೆಯ ಅರ್ಧ ಭಾಗ ಎಂಬುದಕ್ಕೆ ಕನ್ನಡ ನೆಲದ ಅತಿ ಹಳೆಯ ಸಾಕ್ಷಿಗಳಲ್ಲಿ ಕನಗನಹಳ್ಳಿಯೂ ಒಂದು. ಇಲ್ಲಿ ಸವೆದುಹೋಗುವ ಒಂದೊಂದು ಅಕ್ಷರದ ಜೊತೆ ಒಂದೊಂದು ಮುಖದ ಗುರುತೂ ಅಳಿಯುತ್ತದೆ. ಆದ್ದರಿಂದ ಶಿಲ್ಪದಷ್ಟೇ ಜೋಪಾನವಾಗಿ ಅಕ್ಷರಗಳನ್ನೂ ಕಾಯಬೇಕು.