ಧ್ವನಿತಟ್ಟೆಯ ಮೂಲಪಾಠ

ಪ್ರಾಚೀನ ಗ್ರಂಥವೊಂದನ್ನು ಅಚ್ಚು ಹಾಕಿಸಲು ಹೊರಟವನು ಮೊಟ್ಟಮೊದಲು ವಿಚಾರಿಸಬೇಕಾದುದು, ತನ್ನ ಕೈಯಲ್ಲಿರುವ ಓಲೆಯ ಪ್ರತಿಯು ಯಾವ ಪ್ರತಿಯನ್ನು ನೋಡಿ ಬರೆದದ್ದೆಂಬುದನ್ನಷ್ಟೆ. ಇದೇ ಪ್ರಶ್ನೆಯು ಸಂಗೀತದ ತಟ್ಟೆಗಳ ವಿಷಯದಲ್ಲಿಯೂ ಏಳುವುದೆಂದೂ, ಅದರ ನಿಮಿತ್ತವಾಗಿ ಅಮೇರಿಕಾ ದೇಶದಲ್ಲಿ ನ್ಯಾಯಸ್ಥಾನದವರೆಗೆ ವಿವಾದವು ಬೆಳೆಯಿತೆಂದೂ ಹೇಳಿದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆ ದೇಶದಲ್ಲಿ ಹೆಸರಾಂತ ಹಳೆಯ ಸಂಗೀತಸಂಪುಟಗಳನ್ನು ವಿಶೇಷ ಶ್ರದ್ಧೆಯಿಂದ ವಿನೈಲ್ ತಟ್ಟೆಗಳ ಮೇಲೆ ಪುನರ್ಮುದ್ರಿಸುವ ಸಂಸ್ಥೆಗಳಿವೆ. ಅವುಗಳನ್ನು ದೊಡ್ಡ ಬೆಲೆ ತೆತ್ತು ಸಂಗ್ರಹಿಸುವ ರಸಿಕರೂ ಇರುವರು. ಈ ವ್ಯಸನವನ್ನು ಶ್ರೀಮಂತರ ಚಪಲವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಚರಿತ್ರೆಯಲ್ಲಿ ನಮ್ಮ ಪಂಡಿತರಿಗೆ ಚಿರಪರಿಚಿತವಾದ ಒಂದು ತೊಡಕು ಅಡಗಿರುವುದು.

ಮೊದಲು ತಟ್ಟೆಯ ಹುಟ್ಟನ್ನು ತಿಳಿಯತಕ್ಕದ್ದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಿಂದಿನ ಗ್ರಾಮಫೋನು ಪ್ಲೇಟುಗಳು ಅರಗಿನಿಂದಾದವು. ಆ ಅರಗಿನ ಬಹುಭಾಗವು ನಮ್ಮ ದೇಶದಿಂದಲೇ ಹೋಗುತ್ತಿದ್ದಿತು. ಒಂದು ಮಗ್ಗುಲಲ್ಲಿ ನಾಲ್ಕು ನಿಮಿಷದ ಸಂಗೀತ ಹಿಡಿದರೆ ಹೆಚ್ಚು. 1948ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಕೊಲಂಬಿಯಾ ಕಂಪೆನಿಯವರು ವಿನೈಲ್‌ನಿಂದಾದ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದರು. ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ಅವಕಾಶವಾಯಿತು. ಸುಮಾರು ಅದೇ ಕಾಲಕ್ಕೆ ಗಾಯನವಾದನಗಳನ್ನು ನೇರವಾಗಿ ತಟ್ಟೆಗೆ ಕೊರೆಯುವ ಬದಲು ಮೊದಲು ಕಾಂತೀಯ ಟೇಪಿನ ಮೇಲೆ ಹಿಡಿಯುವ ಪದ್ಧತಿಯೂ ರೂಢಿಗೆ ಬಂದಿತು. ಈ ಟೇಪೇ ಮೂಲಪ್ರತಿ. ಅದನ್ನು ನುಡಿಸುತ್ತ, ಲ್ಯಾಕರು ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೀರು ಕೊರೆಯುವರು. ಲ್ಯಾಕರಿನ ಮೇಲೆ ಬೆಳ್ಳಿಯ ಲೇಪ ಕೊಟ್ಟು, ವಿದ್ಯುತ್ತಿನ ಸಹಾಯದಿಂದ ನಿಕಲ್ ಲೋಹವನ್ನು ಬೆಳೆಸಿ ಸುಲಿದು ತೆಗೆದರೆ ಗೀರಿಗೆ ಬದಲಾಗಿ ಏಣುಗಳಿರುವ ಲೋಹದ ಪ್ರತಿಯಾಯಿತು. ಇದಕ್ಕೆ ಕಾರ್ಖಾನೆಯವರು ತಂದೆ ಎನ್ನುವರು. ತಂದೆಯಿಂದ ತಾಯಿ, ತಾಯಿಯಿಂದ ಒತ್ತಚ್ಚು, ಒತ್ತಚ್ಚಿನಿಂದ ನಮ್ಮ ಕೈಸೇರುವ ತಟ್ಟೆ.

ನಮ್ಮ ಸಂಸ್ಕೃತ ಪಂಡಿತರು ನಕಲು ಮಾಡಲು ಆಧಾರವಾದ ಹಸ್ತಪ್ರತಿಗೆ ಮಾತೃಕೆ ಎನ್ನುವುದನ್ನು ಇಲ್ಲಿ ಸ್ಮರಿಸದೆ ಇರಲಾಗದು. ಪಾಶ್ಚಾತ್ಯರು ತಟ್ಟೆಯ ಅಚ್ಚನ್ನು ಕರೆಯುವ ಮ್ಯಾಟ್ರಿಕ್ಸ್ ಎಂಬ ಲ್ಯಾಟಿನ್ ಶಬ್ದವೂ ತಾಯಿ ಎಂಬರ್ಥದ ಮೂಲದಿಂದಲೇ ಬಂದುದು. ಹಾಡು ಮುಗಿದ ಬಳಿಕ ನಡುವಿನ ಚೀಟಿಯವರೆಗೆ ಉಳಿಯುವ ಖಾಲಿ ವರ್ತುಲದಲ್ಲಿ ಈ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಗೀಚಿರುವರು. ಕೊರೆದವರ ಹೆಸರೂ ಕೆಲವೊಮ್ಮೆ ಇರುವುದು. ಬ್ಲೂ ನೋಟ್ ಕಂಪೆನಿಯ ಹಳೆಯ ತಟ್ಟೆಗಳಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿತಜ್ಞನ ಗುರುತನ್ನು ಕಂಡರೆ ಸಂಗ್ರಾಹಕರ ಮುಖವರಳುವುದು. ಓಲೆಯ ಕಟ್ಟಿನ ಕೊನೆಯಲ್ಲಿ ಲಿಪಿಕಾರನು ಬರೆದಿಡುವ ಪುಷ್ಪಿಕೆಯನ್ನು ನಾವು ಓದುವಂತೆಯೇ ಅವರು ಇದನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದು ಓದುವರು.

ಲೇಖಕಪ್ರಮಾದವೂ ಇಲ್ಲಿ ಉಂಟು. ಮೈಲ್ಸ್ ಡೇವಿಸ್ ಎಂಬ ಪ್ರಖ್ಯಾತ ಕಹಳೆವಾದಕನ ‘ಕೈಂಡ್ ಆಫ್ ಬ್ಲೂ’ ಎಂಬ ಸಂಪುಟವು 1959ನೆಯ ಇಸವಿ ಮಾರ್ಚಿ 2 ಮತ್ತು ಏಪ್ರಿಲ್ 22ನೆಯ ತಾರೀಖುಗಳಂದು ನ್ಯೂಯಾರ್ಕ್ ನಗರದಲ್ಲಿ, ಹಿಂದೆ ಇಗರ್ಜಿಯಾಗಿದ್ದ ಕೊಲಂಬಿಯಾ ಕಂಪೆನಿಯ ಧ್ವನಿಮುದ್ರಣಶಾಲೆಯಲ್ಲಿ ಸಿದ್ಧವಾಯಿತು. ಜಾನ್ ಕೋಲ್ಟ್ರೇನ್, ಬಿಲ್ ಇವಾನ್ಸ್ ಮೊದಲಾದ ಘಟಾನುಘಟಿಗಳು ಅವನೊಡನೆ ನುಡಿಸಿದ್ದರು. ಮಾರ್ಚಿ 2ರಂದು ಟೇಪು ಓಡಿಸಿದ ಮುಖ್ಯ ಯಂತ್ರವು ಇರಬೇಕಾದ ವೇಗಕ್ಕಿಂತ ಕಿಂಚಿತ್ ಮೆಲ್ಲಗೆ ಓಡಿತು. ಮೆಲ್ಲಗೆ ಹಿಡಿದುದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತವು ತ್ವರಿತವಾಗಿ, ಶ್ರುತಿಯು ಅರ್ಧಸ್ವರಕ್ಕಿಂತ ಕಡಮೆಯಷ್ಟು ಮೇಲೇರಿ ಕೇಳುವುದು. ಹೀಗಾಗಿ ಸಂಪುಟದ ಮೊದಲ ಮಗ್ಗುಲಿನ ಮೂರು ಕೃತಿಗಳೂ ಎತ್ತರದ ಶ್ರುತಿಯಲ್ಲಿಯೇ ಲೋಕಕ್ಕೆ ಪರಿಚಿತವಾದವು. ತಟ್ಟೆಯೊಡನೆ ತಮ್ಮ ವಾದ್ಯವನ್ನು ಸೇರಿಸಿ ಅಭ್ಯಾಸ ಮಾಡಿದ ವಾದಕರಿಗೆ ಶ್ರುತಿ ಕೂಡದೆ ಪೇಚಾಟವಾಗುತ್ತಿತ್ತು. ಎರಡನೆಯ ಮಗ್ಗುಲಿನ ಪಾಡು ಬೇರೆ: ಶ್ರುತಿಯೇನೋ ಸರಿಯಾಗಿದ್ದಿತು, ಆದರೆ ಮೊದಲ ಅಚ್ಚಿನ ಕೆಲವು ತಟ್ಟೆಗಳಲ್ಲಿ ಎರಡು ಕೃತಿಗಳ ಹೆಸರುಗಳು ಅದಲುಬದಲಾಗಿದ್ದವು!

ಅದೃಷ್ಟವಶಾತ್ ಅಂದು ಎರಡನೆಯದೊಂದು ಯಂತ್ರವೂ, ಮೊದಲನೆಯದು ಕೆಟ್ಟರೆ ಇರಲೆಂದು, ಜೊತೆಯಲ್ಲಿ ಓಡುತ್ತಿದ್ದಿತು. ಅದರ ವೇಗ ಸರಿಯಾಗಿದ್ದಿತು. 1992ರಲ್ಲಿ ಹೊಸ ಮುದ್ರಣಕ್ಕಾಗಿ ಟೇಪುಗಳನ್ನು ಪರಿಶೀಲಿಸುವಾಗ ಈ ಭೇದವು ಗೊತ್ತಾಗಿ, ಆ ಎರಡನೆಯ ಪ್ರತಿಯ ಆಧಾರದಿಂದ ಪಾಠವನ್ನು ತಿದ್ದಿದರು. ಈಗ ಪ್ರಶ್ನೆ: ಯಾವುದು ಶುದ್ಧಪಾಠ? ವಾದಕರು ಅಂದು ನುಡಿಸಿದ್ದು ತಿದ್ದಿದ ಶ್ರುತಿಯಲ್ಲಿ, ಸಂದೇಹವಿಲ್ಲ. ಆದರೆ ಮೂವತ್ತಮೂರು ವರ್ಷ ರಸಿಕರು ಕೇಳಿದ್ದೂ, ಕಲಿತವರು ಅನುಕರಿಸಿದ್ದೂ ಇನ್ನೊಂದನ್ನು. ವ್ಯಾಖ್ಯಾನಕಾರರು ಒಪ್ಪಿ ಟೀಕೆ ಬರೆದ ಪ್ರಚಲಿತ ಪಾಠವನ್ನು, ಹಳೆಯ ಓಲೆಯೊಂದು ದೊರೆತ ಮಾತ್ರದಿಂದ ಬಿಡಬಹುದೇ ಎಂದು ನಮ್ಮಲ್ಲಿ ನಡೆಯುವ ಚರ್ಚೆಗೂ ಇದಕ್ಕೂ ಏನು ಅಂತರ? ನನ್ನ ಮತದಲ್ಲಿ ತಿದ್ದಿದ್ದೇ ಸರಿ. ಯಂತ್ರದ ದೋಷವನ್ನು ಕವಿಯ ತಲೆಗೆ ಕಟ್ಟಲಾಗದು. ಆದರೂ 1959ರ ತಟ್ಟೆಯನ್ನು ದೋಷಸಮೇತವಾಗಿ ಕಾಪಾಡುವವರನ್ನು ನಾನು ನಗಲಾರೆ.

1973ರ ತೈಲಕ್ಷಾಮದ ತರುವಾಯ ವಿನೈಲ್ ದುಬಾರಿಯಾಗಿ, ಅನೇಕ ಕಂಪೆನಿಗಳು ತೆಳುವಾದ, ಕರಕರ ಸದ್ದು ಮಾಡುವ ತಟ್ಟೆಗಳನ್ನು ಮಾರತೊಡಗಿದವು. ಈ ಅಸಮಾಧಾನದಲ್ಲಿ ಹುಟ್ಟಿದುದೇ ಕ್ಯಾಲಿಫೋರ್ನಿಯಾದ ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಸಂಸ್ಥೆಯ ಪುನರ್ಮುದ್ರಣಮಾಲೆ. 1977ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯವರು ಟೇಪನ್ನೂ ಕೊರೆಯುವ ಯಂತ್ರವನ್ನೂ ಅರ್ಧವೇಗದಲ್ಲಿ ಓಡಿಸಿ, ಕೊರೆಯುವ ಮೊನೆಗೆ ಸೂಕ್ಷ್ಮಧ್ವನಿಗಳನ್ನು ಕೆತ್ತಲು ಇಮ್ಮಡಿ ಕಾಲವನ್ನು ಕೊಟ್ಟರು. ತಟ್ಟೆಗಳನ್ನು ಜಪಾನಿನಲ್ಲಿ ಉತ್ತಮವಾದ ವಿನೈಲ್‌ನಿಂದ ಒತ್ತಿಸಿದರು. ಪಿಂಕ್ ಫ್ಲಾಯ್ಡ್, ಬೀಟಲ್ಸ್ ಮೊದಲಾದವರ ಸಂಪುಟಗಳು ಹೀಗೆ ಬಂದವು. ಹೊದಿಕೆಯ ತಲೆಯ ಮೇಲೆ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಎಂಬ ಪಟ್ಟಿ. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಬಂದ ಮೇಲೆ ತಟ್ಟೆಯ ಕಾಲ ಮುಗಿಯಿತೆಂದೇ ಎಲ್ಲರೂ ಬಗೆದರು. ಬಗೆದಂತೆ ಆಗಲಿಲ್ಲ, 2020ರಲ್ಲಿ ಅಮೇರಿಕಾದಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಹಣವು, 1986ರಿಂದೀಚೆಗೆ ಮೊದಲ ಸಲ, ಡಿಸ್ಕುಗಳದನ್ನು ಮೀರಿತು.

ಇಷ್ಟರಲ್ಲಿ ಮೂಲಪ್ರತಿಗಳು ವಿರಳವಾಗುತ್ತ ಬಂದಿದ್ದವು. 2008ನೆಯ ಇಸವಿ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಬೆಂಕಿ ಬಿದ್ದು ಟೇಪುಗಳ ಉಗ್ರಾಣವೊಂದು ಸುಟ್ಟುಹೋಯಿತು. ನಷ್ಟವೆಷ್ಟೆಂಬ ವಿಷಯದಲ್ಲಿ 2019ರಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. 2020ರ ಫೆಬ್ರುವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬಲ್ಲಿದ್ದ ಅಪೋಲೋ ಕಾರ್ಖಾನೆಯು ದಗ್ಧವಾಗಿ, ಲ್ಯಾಕರು ತಟ್ಟೆಗಳಿಗೆ ಲೋಕವೆಲ್ಲ ಜಪಾನಿನ ಒಂದೇ ತಯಾರಕರನ್ನು ಆಶ್ರಯಿಸಬೇಕಾಯಿತು. ಓಲೆಗೆ ಗೆದ್ದಲು, ಟೇಪಿಗೆ ಅಗ್ನಿ.

ಮೊಬೈಲ್ ಫಿಡೆಲಿಟಿಯವರು ಮುಂದೆ ‘ಒನ್-ಸ್ಟೆಪ್’ ಎಂಬ ಕ್ರಮವನ್ನು ತಂದರು. ತಂದೆ ತಾಯಿಗಳೆರಡನ್ನೂ ಬಿಟ್ಟು, ಲ್ಯಾಕರಿನಿಂದ ತೆಗೆದ ಮೊದಲ ಲೋಹಪ್ರತಿಯಿಂದಲೇ ತಟ್ಟೆಯನ್ನು ಒತ್ತುವುದು ಇದರ ಮರ್ಮ. ಪೀಳಿಗೆ ಕಡಮೆಯಾದಂತೆ ದೋಷವೂ ಕಡಮೆಯಷ್ಟೆ. ಆದರೆ ಲೋಹಪ್ರತಿಯು ಸವೆಯುವುದು. ಸವೆದ ಮೇಲೆ ಮತ್ತೊಂದು ಲ್ಯಾಕರನ್ನು ಕೊರೆಯಬೇಕು, ಅದಕ್ಕಾಗಿ ಮೂಲ ಟೇಪನ್ನು ಮತ್ತೊಮ್ಮೆ ಓಡಿಸಬೇಕು. ಆದುದರಿಂದ ಪ್ರತಿಗಳು ಕೆಲವೇ ಸಾವಿರ, ಬೆಲೆ ನೂರು ನೂರಿಪ್ಪತ್ತೈದು ಡಾಲರು. ಹೀಗಿರಲು 2022ರಲ್ಲಿ ಮೈಕೇಲ್ ಜಾಕ್ಸನ್ನನ ‘ಥ್ರಿಲ್ಲರ್’ ಸಂಪುಟವನ್ನು ಇದೇ ಕ್ರಮದಲ್ಲಿ 40,000 ಪ್ರತಿಗಳಷ್ಟು ಅಚ್ಚು ಹಾಕುವುದಾಗಿ ಪ್ರಕಟವಾಯಿತು. ಅಷ್ಟು ಪ್ರತಿಗಳಾಗಬೇಕಾದರೆ ಬೆಲೆಕಟ್ಟಲಾಗದ ಆ ಟೇಪನ್ನು ಎಷ್ಟು ಸಲ ಓಡಿಸಬೇಕು? ಯಾವ ಒಡೆಯನು ಒಪ್ಪಿಯಾನು? ಲೆಕ್ಕ ಹಾಕಿದವರಿಗೆ ಸಂಶಯ ಬಂದಿತು. ಅದೇ ಜುಲೈ ತಿಂಗಳಿನಲ್ಲಿ ಅರಿಜೋನಾದ ಫೀನಿಕ್ಸ್ ನಗರದ ತಟ್ಟೆಯ ವ್ಯಾಪಾರಿಯೊಬ್ಬರು, ಸಂಸ್ಥೆಯವರು ಟೇಪಿನಿಂದ ನೇರವಾಗಿ ಕೊರೆಯುತ್ತಿಲ್ಲವೆಂದು ಬಹಿರಂಗವಾಗಿ ನುಡಿದರು. ಬಳಿಕ ಸಂಸ್ಥೆಯ ಧ್ವನಿತಜ್ಞರೇ ಅದನ್ನು ಒಪ್ಪಿದರು: ಟೇಪು ಇರುವಲ್ಲಿಗೆ ಹೋಗಿ ಅದನ್ನು ಡಿಜಿಟಲ್ ರೂಪಕ್ಕೆ, ಎಂದರೆ ಅಂಕಗಳ ರೂಪಕ್ಕೆ, ಇಳಿಸಿಕೊಂಡು ಅದರಿಂದ ಲ್ಯಾಕರುಗಳನ್ನು ಕೊರೆಯುವ ಪದ್ಧತಿಯು 2011ರಿಂದಲೇ ನಡೆದಿದ್ದಿತು.

ಕೋಲಾಹಲವೆದ್ದಿತು. ಇದರಲ್ಲಿ ವಿನೋದವೇನೆಂದರೆ, ಅಂಕರೂಪದ ಮಧ್ಯವರ್ತಿಯನ್ನು ತಮ್ಮ ಕಿವಿಯು ತಟ್ಟನೆ ಕಂಡುಹಿಡಿಯುವುದೆಂದು ಬೀಗುತ್ತಿದ್ದವರಲ್ಲಿ ಅನೇಕರು ಈ ತಟ್ಟೆಗಳನ್ನೇ ತಮ್ಮ ಭಂಡಾರದ ಶ್ರೇಷ್ಠರತ್ನಗಳೆಂದು ಹೊಗಳಿದ್ದರು. ಹನ್ನೊಂದು ವರ್ಷ ಯಾರ ಕಿವಿಗೂ ದೋಷ ತಾಗಲಿಲ್ಲ. ಹಾಗಾದರೆ ಕಳೆದುಹೋದುದೇನೆಂದು ಕೆಲವರು ಕೇಳಿದರು. ಧ್ವನಿಯಲ್ಲಿ ಏನೂ ಕಳೆಯದಿರಬಹುದು. ಜೀರ್ಣವಾಗುವ ಟೇಪನ್ನು ಒಂದೇ ಸಲ ಓಡಿಸಿ ಉತ್ತಮ ಪ್ರತಿ ಮಾಡಿಟ್ಟುಕೊಳ್ಳುವುದು ವಿವೇಕವೂ ಹೌದು. ಆದರೆ ಕೊಂಡವನು ಹಣ ತೆತ್ತದ್ದು ಧ್ವನಿಗಾಗಿ ಮಾತ್ರವಲ್ಲ, ವಂಶಾವಳಿಗಾಗಿಯೂ ತೆತ್ತನು. ಪ್ರತಿಯ ಪ್ರತಿಯನ್ನು ನೋಡಿ ಬರೆದವನು ಪುಷ್ಪಿಕೆಯಲ್ಲಿ ಅದನ್ನು ಹೇಳಬೇಕು. ಅಕ್ಷರ ಶುದ್ಧವಾಗಿರುವುದೆಂಬುದು ಹೇಳದೆ ಇದ್ದುದಕ್ಕೆ ಸಮಾಧಾನವಲ್ಲ.

ಸಂಸ್ಥೆಯವರು ಕ್ಷಮೆ ಯಾಚಿಸಿ, ಅಂದಿನಿಂದ ಟೇಪಿನಿಂದ ತಟ್ಟೆಯವರೆಗಿನ ಮೆಟ್ಟಿಲುಗಳನ್ನು ವಿವರವಾಗಿ ತಿಳಿಸತೊಡಗಿದರು. ಗ್ರಾಹಕರು ಹೂಡಿದ ವ್ಯಾಜ್ಯವು 2023ರಲ್ಲಿ ಎರಡೂವರೆ ಕೋಟಿ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ತಟ್ಟೆಯನ್ನು ಹಿಂದಿರುಗಿಸಿ ಕೊಟ್ಟ ಹಣವನ್ನೆಲ್ಲ ಪಡೆಯಬಹುದು, ಇಲ್ಲವೆ ತಟ್ಟೆಯನ್ನು ಇಟ್ಟುಕೊಂಡು ಬೆಲೆಯ ಅಲ್ಪಾಂಶವನ್ನು ಪಡೆಯಬಹುದು ಎಂದು ಗೊತ್ತಾಯಿತು. ವರ್ಷಗಟ್ಟಲೆ ಮೆಚ್ಚಿ ಕೇಳಿದ ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಮರಳಿ ಕಳುಹಬೇಕೇ ಬೇಡವೇ ಎಂಬುದನ್ನು ಪ್ರತಿಯೊಬ್ಬ ಸಂಗ್ರಾಹಕನೂ ತನ್ನ ತನ್ನ ಮನೆಯಲ್ಲಿ ಕುಳಿತು ತೀರ್ಮಾನಿಸಬೇಕಾಯಿತು.