ಹೊಸ ಚೆಂಡಿನ ಪೂರ್ವಕಥೆ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಗೂಳೂರು, ಕೆರೆಯ ಮಣ್ಣಿನಿಂದ ಪ್ರತಿವರ್ಷವೂ ಹೊಸದಾಗಿ ರೂಪುಗೊಳ್ಳುವ ತನ್ನ ಮಹಾಗಣಪತಿಯ ಕಾರಣದಿಂದ ನಾಡಿನಲ್ಲಿ ಹೆಸರಾದ ಗ್ರಾಮ. ಕ್ರಿಕೆಟ್ಟಿನ ಚರಿತ್ರೆಯನ್ನು ಅರಸುವವನಿಗೆ ಅಲ್ಲಿ ಕೆಲಸವೇನೂ ಇಲ್ಲವೆಂದೇ ತೋರಬಹುದು. ಆದರೆ ಆ ಪ್ರಾಂತದಿಂದ ಹೊರಡುವ ಮಾರ್ಗಗಳನ್ನು ಹಿಡಿದು ನಡೆದರೆ ಕುತೂಹಲಕರವಾದ ಒಂದು ಸಂಗತಿ ಗೋಚರಿಸುತ್ತದೆ. ದಕ್ಷಿಣಕ್ಕೆ ಕುಣಿಗಲ್, ನಾಗಮಂಗಲಗಳ ಮೂಲಕ ಸಾಗಿದವನು ಜಾವಗಲ್ ಶ್ರೀನಾಥರ ಮೈಸೂರನ್ನು ಸೇರುತ್ತಾನೆ. ಪಶ್ಚಿಮಕ್ಕೆ ಗುಬ್ಬಿ, ತಿಪಟೂರುಗಳನ್ನು ದಾಟಿದವನಿಗೆ ಡೇವಿಡ್ ಜಾನ್ಸನ್ನರ ಜನ್ಮಸ್ಥಳವಾದ ಅರಸೀಕೆರೆ ದೊರೆಯುತ್ತದೆ. ವಾಯವ್ಯಕ್ಕೆ ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದು ಹೋದರೆ ವಿನಯ್ ಕುಮಾರರ ದಾವಣಗೆರೆ. ಭಾರತದ ಪರವಾಗಿ ಟೆಸ್ಟ್ ಆಡಿದ ಮೂವರು ವೇಗದ ಬೌಲರುಗಳು ಹೀಗೆ ಮೂರು ದಾರಿಗಳ ಕೊನೆಯಲ್ಲಿದ್ದಾರೆ. ನಾಡಿನ ಇತರ ವೇಗಿಗಳಾದ ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್ ಇಬ್ಬರೂ ರಾಜಧಾನಿ ಬೆಂಗಳೂರಿನವರೇ ಆದುದರಿಂದ, ಇದರ ಮೇಲೆ ಸಿದ್ಧಾಂತದ ಸೌಧವನ್ನು ಎಬ್ಬಿಸಲು ನಾನು ಹೊರಡುವುದಿಲ್ಲ.

ವೇಗವೆಂಬುದು ನಮ್ಮ ನಾಡಿಗೆ ಬಹು ತಡವಾಗಿ ಒಲಿದ ವಿದ್ಯೆ. 1934ರ ನವೆಂಬರ್ 4ರಂದು ಮದರಾಸಿನಲ್ಲಿ ರಣಜಿ ಟ್ರೋಫಿಯ ಪ್ರಪ್ರಥಮ ಪಂದ್ಯವನ್ನು ಆಡಿದ ಮೈಸೂರು ತಂಡವು, ಎರಡು ಇನಿಂಗ್ಸುಗಳಲ್ಲಿ ಕ್ರಮವಾಗಿ 48 ಮತ್ತು 59 ಓಟಗಳಿಗೆ ಉರುಳಿ ಒಂದೇ ದಿನದಲ್ಲಿ ಸೋತಿತು. ಅವರನ್ನು ಕೆಡವಿದವರು ಹನ್ನೊಂದು ಹುದ್ದರಿ ಪಡೆದ ಎ. ಜಿ. ರಾಮ್ ಸಿಂಗ್ ಎಂಬ ಎಡಗೈ ಸ್ಪಿನ್ನರು. ಅಂದು ಪೆಟ್ಟು ಕೊಟ್ಟ ಕಲೆಯನ್ನೇ ಮುಂದೆ ಪ್ರಸನ್ನ, ಚಂದ್ರಶೇಖರರು ಕೈವಶ ಮಾಡಿಕೊಂಡು ಕರ್ನಾಟಕಕ್ಕೆ 1973-74ರಲ್ಲಿ ಮೊದಲ ರಣಜಿ ಪ್ರಶಸ್ತಿಯನ್ನು ದೊರಕಿಸಿದರು. ಆ ಕಾಲದಲ್ಲಿ ಹೊಸ ಚೆಂಡನ್ನು ಎಸೆಯುವವನಿಗೆ ಇದ್ದ ಕರ್ತವ್ಯವೆಂದರೆ ಅದರ ಹೊಳಪನ್ನು ಬೇಗ ಕಳೆದು ಸ್ಪಿನ್ನರುಗಳ ಕೈಗೆ ಒಪ್ಪಿಸುವುದು. ಇದು ಸಾಲದೆಂಬಂತೆ ಚೆಂಡನ್ನು ನೆಲಕ್ಕೆ ಉಜ್ಜುವ ಪದ್ಧತಿಯೂ ಇದ್ದಿತು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ನರ ಪ್ರಸಂಗವಂತೂ ವಿನೋದದ ಪರಾಕಾಷ್ಠೆ. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಟೆಸ್ಟಿಗೆ ಬೇಡಿ, ಪ್ರಸನ್ನ, ಚಂದ್ರಶೇಖರ, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರುಗಳನ್ನೂ ಒಟ್ಟಿಗೆ ಇಳಿಸಿದ ಭಾರತಕ್ಕೆ ಹೊಸ ಚೆಂಡು ಹಿಡಿಯುವವರೇ ಇಲ್ಲದೆ, ವಿಕೆಟ್ ಕೀಪರ್ ಎಂದೇ ಹೆಸರಾಗಿದ್ದ ಕುಂದರನ್ನರ ಕೈಗೆ ಅದನ್ನು ಕೊಡಬೇಕಾಯಿತು! ತಾವು ಯಾವ ಬಗೆಯ ಬೌಲಿಂಗ್ ಮಾಡುವರೆಂಬುದು ಅವರಿಗೇ ತಿಳಿದಿರಲಿಲ್ಲವೆಂಬ ಮಾತು ಇಂದಿಗೂ ಪ್ರಚಲಿತ.

ಇಂಥ ನೆಲದಲ್ಲಿ 1969ರ ಆಗಸ್ಟ್ 31ರಂದು ಶ್ರೀನಾಥರು ಜನಿಸಿದರು. ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜನ್ನು ಸೇರಿದ ಈ ಎತ್ತರದ ತರುಣನನ್ನು ಕ್ಲಬ್ ಪಂದ್ಯವೊಂದರಲ್ಲಿ ಕಂಡು ರಾಜ್ಯ ತಂಡಕ್ಕೆ ಕರೆತಂದವರು ಗುಂಡಪ್ಪ ವಿಶ್ವನಾಥರು. ಭದ್ರಾವತಿಯಿಂದ ಹೊರಟು ಜಗತ್ತನ್ನು ಗೆದ್ದವರಿಗೆ ಮೈಸೂರಿನ ಹುಡುಗನ ಬೆಲೆ ಅರಿಯುವುದು ಕಷ್ಟವಾಗಿರಲಾರದು. 1989-90ರಲ್ಲಿ ಹೈದರಾಬಾದಿನ ವಿರುದ್ಧ ಆಡಿದ ಮೊತ್ತಮೊದಲ ಪ್ರಥಮ ದರ್ಜೆಯ ಪಂದ್ಯದಲ್ಲಿಯೇ ಶ್ರೀನಾಥರು ಹ್ಯಾಟ್ರಿಕ್ ಸಾಧಿಸಿದರು. ಆ ಋತುವಿನ ಆರು ಪಂದ್ಯಗಳಲ್ಲಿ ಒಟ್ಟು 25 ವಿಕೆಟ್ಟುಗಳು ಅವರ ಪಾಲಾದವು. ಬಲಗೈ ದಾಂಡಿಗನ ಕಡೆಗೆ ಒಳನುಗ್ಗುವ ಚೆಂಡು ಅವರ ಸಹಜ ಆಯುಧ. ಹೊರಕ್ಕೆ ಸರಿಯುವ ಚೆಂಡನ್ನು ಅವರು ಮುಂದೆ ಶ್ರಮಪಟ್ಟು ಕಲಿತರು.

1991ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಏಕದಿನ ಪಂದ್ಯ, ನವೆಂಬರ್ 29ರಂದು ಬ್ರಿಸ್ಬೇನಿನಲ್ಲಿ ಟೆಸ್ಟ್, ಅದರಲ್ಲಿ 59 ಓಟಗಳಿಗೆ 3 ವಿಕೆಟ್: ಆರೋಹಣವು ಇಷ್ಟು ಶೀಘ್ರವಾಗಿ ಆದ ಮೇಲೆ ಮುಂದಿನ ದಾರಿ ನಿಷ್ಕಂಟಕವೆಂದು ಯಾರಾದರೂ ಭಾವಿಸಬಹುದಾಗಿತ್ತು. ಆದದ್ದು ಬೇರೆ. 1993ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ 33 ಓಟಗಳಿಗೆ 4 ವಿಕೆಟ್ ಪಡೆದ ಬೌಲರು, ಸ್ವದೇಶಕ್ಕೆ ಮರಳಿದ ಕೂಡಲೇ ಇಂಗ್ಲೆಂಡ್, ಜಿಂಬಾಬ್ವೆ, ಶ್ರೀಲಂಕಾಗಳ ವಿರುದ್ಧದ ಏಳು ಟೆಸ್ಟುಗಳಲ್ಲಿ ಒಂದನ್ನೂ ಆಡದೆ ಹೊರಗುಳಿಯಬೇಕಾಯಿತು. ಕಾರಣವು ಸ್ಪಷ್ಟ. ನಮ್ಮ ಪಿಚ್ಚುಗಳಲ್ಲಿ ಸ್ಪಿನ್ನರುಗಳಾದ ಕುಂಬ್ಳೆ, ರಾಜು, ಚೌಹಾಣರು ಎದುರಾಳಿಗಳನ್ನು ಸುಲಭವಾಗಿ ಮಣಿಸುತ್ತಿದ್ದರು. ಉಳಿದ ಎರಡು ಸ್ಥಾನಗಳಲ್ಲಿ ಮನೋಜ್ ಪ್ರಭಾಕರ್ ಒಬ್ಬರು, ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆಯತ್ತ ಸಾಗುತ್ತಿದ್ದ ಕಪಿಲ್ ದೇವ್ ಇನ್ನೊಬ್ಬರು. 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಕಪಿಲರು ಆ ಎಲ್ಲೆಯನ್ನು ದಾಟಿದಾಗ ದೇಶವೇ ಸಂಭ್ರಮಿಸಿತು. ಆ ಸಂಭ್ರಮದ ಬೆಲೆಯನ್ನು ಒಂದಿಷ್ಟು ತೆತ್ತವರು ಮೈಸೂರಿನ ಎಂಜಿನಿಯರ್ ಎಂಬುದನ್ನು ಆಗ ನೆನೆದವರು ಕಡಿಮೆ. ಕಪಿಲರ ಹಿರಿಮೆಗೆ ನಾನು ತಲೆಬಾಗುತ್ತೇನೆ. ಆದರೂ, ವೇಗದ ಬೌಲರನ ದೇಹಕ್ಕೆ ಇಪ್ಪತ್ಮೂರು, ಇಪ್ಪತ್ನಾಲ್ಕರ ಪ್ರಾಯವು ಮತ್ತೆ ಬರುವುದಿಲ್ಲವಾದುದರಿಂದ, ಆ ಅವಧಿಯು ಭಾರತಕ್ಕೆ ಆದ ನಷ್ಟವೆಂದೇ ನನ್ನ ಅಭಿಮತ. ಗೂಳೂರಿನ ಗಣಪತಿಯ ಮೂರ್ತಿಯು ಭಾದ್ರಪದದ ಚೌತಿಯಿಂದ ದೀಪಾವಳಿಯವರೆಗೆ ಸಾವಕಾಶವಾಗಿ ಪೂರ್ಣಗೊಳ್ಳಬಹುದು. ಹಸಿಮಣ್ಣಿಗೆ ಇರುವ ಆ ಸಹನೆ ಸ್ನಾಯುವಿಗೆ ಇಲ್ಲ.

ಕಪಿಲರು ಆ ವರ್ಷವೇ ನಿವೃತ್ತರಾದರು. ನವೆಂಬರಿನಲ್ಲಿ ಮುಂಬಯಿಯ ವಾಂಖೆಡೆ ಅಂಗಣದಲ್ಲಿ ವೆಸ್ಟ್ ಇಂಡೀಸರ ವಿರುದ್ಧ, ಟೆಸ್ಟ್ ಪದಾರ್ಪಣೆಯಾಗಿ ಮೂರು ವರ್ಷಗಳ ಬಳಿಕ, ಶ್ರೀನಾಥರು ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಿದರು. ದಾಂಡು ಹಿಡಿದು 60 ಓಟಗಳನ್ನು ಕೂಡಿಸಿ, ಎರಡನೆಯ ಇನಿಂಗ್ಸಿನಲ್ಲಿ 48ಕ್ಕೆ 4 ವಿಕೆಟ್ ಕಿತ್ತು, 96 ಓಟಗಳ ಜಯಕ್ಕೆ ಮುಖ್ಯ ಕಾರಣರಾದರು. ಮರುವರ್ಷ ಗ್ಲಾಸ್ಟರ್‌ಷೈರ್ ಪರವಾಗಿ 87 ವಿಕೆಟ್. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕವು 105ಕ್ಕೆ ಕುಸಿದಾಗ 21ಕ್ಕೆ 6. ಭಾರತದ ಪಿಚ್ಚಿನಲ್ಲಿ ವೇಗಕ್ಕೆ ಕೆಲಸವಿಲ್ಲವೆಂಬ ವಾದವನ್ನು ಆ ಮೇಲೆ ಎತ್ತುವುದು ಕಷ್ಟವಾಯಿತು.

ಅದೇ 1996ರ ಅಕ್ಟೋಬರಿನಲ್ಲಿ, ಗಾಯಾಳುವಾದ ಶ್ರೀನಾಥರ ಸ್ಥಾನದಲ್ಲಿ ಅರಸೀಕೆರೆಯ ಜಾನ್ಸನ್ನರು ದೆಹಲಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆಡಿದರು. ಆ ತಂಡದಲ್ಲಿ ದ್ರಾವಿಡ್, ಕುಂಬ್ಳೆ, ಸುನಿಲ್ ಜೋಶಿ, ಪ್ರಸಾದರೊಡನೆ ಕರ್ನಾಟಕದವರು ಐವರು! ಕೇರಳದ ವಿರುದ್ಧ ಒಂದೇ ರಣಜಿ ಪಂದ್ಯದಲ್ಲಿ ಹತ್ತು ವಿಕೆಟ್ ಪಡೆದು ಮೇಲೆ ಬಂದ ಜಾನ್ಸನ್ನರ ಟೆಸ್ಟ್ ಜೀವನವು ಎರಡು ಪಂದ್ಯ, ಮೂರು ವಿಕೆಟ್ಟುಗಳಲ್ಲಿ ಮುಗಿದುಹೋಯಿತು.

ವಿನಯ್ ಕುಮಾರರ ಕಥೆಯು ಗೂಳೂರಿನವರಿಗೆ ಇನ್ನಷ್ಟು ಸಮೀಪದ್ದು. ಏಕೆಂದರೆ ರಾಜ್ಯ ಕ್ರಿಕೆಟ್ ಸಂಸ್ಥೆಯ ವಿಂಗಡಣೆಯಲ್ಲಿ ದಾವಣಗೆರೆಯು ತುಮಕೂರು ವಲಯಕ್ಕೇ ಸೇರಿದ್ದು. ಆಟೋರಿಕ್ಷಾ ಚಾಲಕರ ಮಗನಾಗಿ 1984ರಲ್ಲಿ ಹುಟ್ಟಿದ ಇವರು 2004-05ರಲ್ಲಿ ರಣಜಿ ಅಂಗಣಕ್ಕೆ ಇಳಿದರು. ಶ್ರೀನಾಥರ ವೇಗ ಇವರಿಗೆ ಇರಲಿಲ್ಲ; ಇದ್ದದ್ದು ದಿನವಿಡೀ ಒಂದೇ ಜಾಗಕ್ಕೆ ಚೆಂಡು ಹಾಕುವ ನಿಷ್ಠೆ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ದೊರೆತ ಏಕೈಕ ಟೆಸ್ಟಿನಲ್ಲಿ ಬಿದ್ದದ್ದು ಒಂದೇ ವಿಕೆಟ್. ಅದರ ಮೇಲೆ ಅವರನ್ನು ಅಳೆದು ಕೈಬಿಟ್ಟದ್ದು ಅವಸರದ ತೀರ್ಮಾನವೆನ್ನದೆ ವಿಧಿಯಿಲ್ಲ. ಅವರ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿಯನ್ನು ಗೆದ್ದಿತು. ಎರಡನೆಯ ಫೈನಲ್ಲಿನಲ್ಲಿ ತಮಿಳುನಾಡನ್ನು 134ಕ್ಕೆ ಮುಗಿಸಿದ 34ಕ್ಕೆ 5ರ ಸಾಧನೆಯೂ ಅವರದೇ, ಬಳಿಕ ಅಜೇಯವಾಗಿ ಬಾರಿಸಿದ 105ರ ಶತಕವೂ ಅವರದೇ.